ಮೂರನೇ ಸಲ ಕೇಳದ ಊರು

ಹೋಟೆಲಿನ ಬಾಗಿಲು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಒಲೆಯ ಹಿಂದಿದ್ದ ಅಡುಗೆಯವರೂ ತಟ್ಟೆ ಹಿಡಿದು ಓಡಾಡುತ್ತಿದ್ದವರೂ ಒಟ್ಟಾಗಿ ನಮ್ಮತ್ತ ತಿರುಗಿ ಕೂಗಿದರು. ನಾನು ಬೆಚ್ಚಿ ಗಂಡನ ತೋಳು ಹಿಡಿದೆ. ಲಂಡನ್ನಿಗೆ ಬಂದು ನಾಲ್ಕು ವರ್ಷವಾಗಿತ್ತು. ಟ್ಯೂಬ್ ರೈಲಿನಲ್ಲಿ ಕಾಲು ತುಳಿದರೆ ತುಳಿಸಿಕೊಂಡವರೇ ಸಾರಿ ಹೇಳುವ ಊರಿದು. ಇಲ್ಲಿ ಹೀಗೆ ಕೂಗುವವರನ್ನು ನಾನು ನೋಡಿರಲಿಲ್ಲ.

"ಸ್ವಾಗತ ಮಾಡ್ಲಿಕತ್ಯಾರ. ಜಪಾನದಾಗ ಹಿಂಗಂತ" ಎಂದರು ಇವರು, ಬರುವ ದಾರಿಯಲ್ಲಿ ಫೋನಿನಲ್ಲಿ ಓದಿಕೊಂಡದ್ದನ್ನು. ನಮ್ಮ ವಿಜಯಪುರದಲ್ಲಿ ಅಷ್ಟು ಜನ ಒಟ್ಟಿಗೆ ಕೂಗಿದರೆ ಅದು ಜಗಳವೇ. ನನಗೆ ನಂಬಿಕೆ ಬರಲಿಲ್ಲ.

ಆ ಸಂಜೆ ನನಗೆ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಕ್ರೋಯ್ಡನ್ನಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಕಂಪನಿಯ ಆಫೀಸು ನಮ್ಮದು. ಎಲ್ಲಿ ಲಿಫ್ಟ್ ಕೆಟ್ಟಿದೆಯೋ ಅಲ್ಲಿಗೆ ಇಂಜಿನಿಯರನ್ನು ಕಳಿಸುವುದು ನನ್ನ ಕೆಲಸ. ಊರಿನ ಇನ್ನೊಂದು ತುದಿಯ ಕೊಲಿಂಡೇಲಿನ ನಮ್ಮ ಬಾಡಿಗೆ ಫ್ಲಾಟಿನಿಂದ ಅಲ್ಲಿಗೆ ಟ್ಯೂಬು, ಟ್ರೇನು ಎಲ್ಲ ಸೇರಿ ಒಂದೂವರೆ ಗಂಟೆ. ಅಷ್ಟು ದೂರ ಹೋಗಿ ಬರುತ್ತಿದ್ದದ್ದು ಒಂದೇ ಆಸೆಗೆ: ಸೂಪರ್‌ವೈಸರ್ ಆಗಬೇಕು. ಆ ಹುದ್ದೆ ಟಾಮ್‌ಗೆ ಸಿಕ್ಕಿತ್ತು. ನನಗಿಂತ ಎಂಟು ತಿಂಗಳು ತಡವಾಗಿ ಸೇರಿದವನು. ಪಕ್ಕದಲ್ಲಿ ಕೂರಿಸಿಕೊಂಡು ಅವನಿಗೆ ಕೆಲಸ ಕಲಿಸಿದವಳು ನಾನು. ಈಗ ಅವನ ಬಡ್ತಿಯ ಖುಷಿಗೆ ನಮ್ಮ ಮ್ಯಾನೇಜರ್ ಹೆಲೆನ್ ಊಟಕ್ಕೆ ಕರೆದಿದ್ದಳು, ಗಂಡನನ್ನೂ ಕರೆತಾ ಎಂದಿದ್ದಳು. ಬಣ್ಣ ನೋಡಿದರೋ, ನನ್ನ ಇಂಗ್ಲಿಷ್ ನೋಡಿದರೋ, ಶುಕ್ರವಾರ ಪಬ್ಬಿಗೆ ಹೋಗದವಳೆಂದು ಬಿಟ್ಟರೋ, ಎರಡು ತಿಂಗಳಿಂದ ಇದೇ ನನ್ನ ತಲೆ ತಿನ್ನುತ್ತಿತ್ತು.

ಈ ಬಗೆಯ ಹೋಟೆಲಿಗೆ ರೊಬಾತಾ ಎನ್ನುತ್ತಾರೆ. ಒಲೆಯ ಪಕ್ಕ ಎಂದು ಅರ್ಥವಂತೆ. ಹೆಸರು ನಿಜವೇ. ನಡುವೆ ಕೆಂಡದ ದೊಡ್ಡ ಒಲೆ, ಅದರ ಸುತ್ತ ಗಿರಾಕಿಗಳು. ನನ್ನ ಒಂದು ಪಕ್ಕ ಇವರು, ಇನ್ನೊಂದು ಪಕ್ಕ ಹೆಲೆನ್, ಅವಳಾಚೆ ಟಾಮ್ ಕೂತೆವು. ಒಂದು ಕಡೆ ತರಕಾರಿ, ಇನ್ನೊಂದು ಕಡೆ ಮಂಜುಗಡ್ಡೆಯ ಮೇಲೆ ಕಣ್ಣು ಬಿಟ್ಟುಕೊಂಡ ಮೀನು. ಅಡುಗೆಯವನು ಒಲೆಯ ಹಿಂದೆ ಮಂಡಿಯೂರಿ ಕೂತು, ಬೆಂದದ್ದನ್ನು ದೋಣಿಯ ಹುಟ್ಟಿನಂಥ ಉದ್ದನೆಯ ಮರದ ಹಲಗೆಯ ತುದಿಯಲ್ಲಿಟ್ಟು, ಕೆಂಡದ ಮೇಲಿಂದ ನೇರ ನಮ್ಮ ಮುಂದೆ ಚಾಚುತ್ತಾನೆ.

ನಾವು ಮೊಟ್ಟೆಯನ್ನೂ ಮುಟ್ಟದವರು. ತರಕಾರಿಗೆ ಸಾಸು ಸವರಲು ಬೇರೆ ಬ್ರಷ್ ಇದೆಯೇ ಎಂದು ಕೇಳಿದೆ. ಅಡುಗೆಯವನು ಎರಡೂ ಬ್ರಷ್ ಎತ್ತಿ ತೋರಿಸಿದ. ಆ ಸಾಸಿನಲ್ಲಿ ಮೀನಿನ ರಸ ಇದೆಯೇ ಎಂದೆ. ಇದೆ, ನಿಮಗೆ ಬರೀ ಉಪ್ಪು ಹಾಕುತ್ತೇನೆ ಎಂದ. ಅಷ್ಟಾದರೂ ನಾನು ಅವನ ಕೈಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಪೊಲೀಸರಗತೆ ನೋಡಬ್ಯಾಡ, ಅಂವಾ ಕೈ ಸುಟ್ಗೋತಾನ" ಎಂದರು ಇವರು.

ಮೊದಲು ಬದನೆಕಾಯಿ ಬೆಂದಿತು. ಸಿಪ್ಪೆ ಸುಟ್ಟ ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಹಲಗೆ ನನ್ನ ಮುಂದೆಯೇ ಬಂದು ನಿಂತಿತು. ನಾನು ಎದೆಯ ಮೇಲೆ ಕೈಯಿಟ್ಟು, ಬೇಡ ಬೇಡ, ಮೊದಲು ಅವರಿಗೆ ಕೊಡಿ ಎಂದೆ. ಅವನು ತಲೆಬಾಗಿದ. ಹಲಗೆ ಟಾಮ್ ಕಡೆ ತಿರುಗಿತು. ಟಾಮ್ ಎರಡೂ ಕೈಯಲ್ಲಿ ಎತ್ತಿಕೊಂಡು ತಿನ್ನತೊಡಗಿದ. ಆಮೇಲೆ ಮೆಕ್ಕೆಜೋಳ ಬಂತು. ಮತ್ತೆ ಬೇಡ ಎಂದೆ, ಮತ್ತೆ ತಿರುಗಿತು. ಮೂರನೆಯ ಸಲ ಹಲಗೆ ನನ್ನ ಕಡೆ ಬರಲೇ ಇಲ್ಲ. ಎಲ್ಲರೂ ತಿನ್ನುತ್ತಿದ್ದರು, ನನ್ನ ತಟ್ಟೆ ತೊಳೆದಿಟ್ಟಂತೆ ಇತ್ತು. ಈ ಅಡುಗೆಯವನೂ ಅವರ ಕಡೆಯವನೇ ಎಂದುಕೊಂಡೆ. ಕಣ್ಣು ತುಂಬಿ ಬಂತು, ಹೊಗೆಯ ನೆಪದಲ್ಲಿ ಒರೆಸಿಕೊಂಡೆ.

"ನಿನಗೆ ಇಷ್ಟವಾಗಲಿಲ್ಲವೇ?" ಪಕ್ಕದಲ್ಲಿದ್ದ ಹೆಲೆನ್ ಕೇಳಿದಳು.

"ಇಷ್ಟವೇ. ಅವನು ಕೊಡಲಿಲ್ಲ."

"ಕೊಟ್ಟನಲ್ಲ, ನೀನು ಬೇಡ ಎಂದೆ."

ನಮ್ಮ ಕಡೆ ಹಾಗಲ್ಲ ಎಂದು ಬಿಡಿಸಿ ಹೇಳಿದೆ. ನಮ್ಮಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಎರಡು ಸಲ ಬೇಡ ಎನ್ನಬೇಕು, ಅದು ಮರ್ಯಾದೆ. ಕೊಡುವವರು ಮೂರನೆಯ ಸಲ ಒತ್ತಾಯ ಮಾಡಬೇಕು, ಅದು ಅವರ ಮರ್ಯಾದೆ. ಆಗ ತೆಗೆದುಕೊಳ್ಳುತ್ತೇವೆ. ಮೊದಲ ಸಲವೇ ಹೂಂ ಎಂದರೆ ಹೊಟ್ಟೆಬಾಕರು ಎಂದಾರು.

ಹೆಲೆನ್ ಚಾಪ್‌ಸ್ಟಿಕ್ಕು ಕೆಳಗಿಟ್ಟಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ಹಾಗಾದರೆ ಮಾರ್ಚಿನಲ್ಲಿ ನಾನು ಸೂಪರ್‌ವೈಸರ್ ಕೆಲಸದ ಬಗ್ಗೆ ಕೇಳಿದಾಗ?"

ಕೇಳಿದ್ದಳು. ಅಯ್ಯೋ ನನಗ್ಯಾಕೆ, ಟಾಮ್ ಇದ್ದಾನಲ್ಲ ಎಂದಿದ್ದೆ. ಒಂದು ವಾರ ಬಿಟ್ಟು ಮೇಲ್ ಬರೆದಿದ್ದಳು, ಖಂಡಿತ ಬೇಡವೇ ಎಂದು. ನೀವು ಹೇಗೆ ಹೇಳಿದರೆ ಹಾಗೆ ಎಂದು ಉತ್ತರಿಸಿದ್ದೆ. ಆಮೇಲೆ ಮೂರನೆಯ ಸಲ ಕೇಳುತ್ತಾಳೆಂದು ಕಾದಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಎಲ್ಲರೂ ಟಾಮ್‌ನ ಕೈ ಕುಲುಕುತ್ತಿದ್ದರು.

"ನೀವು ಇನ್ನೊಂದು ಸಲ ಕೇಳಬೇಕಿತ್ತು" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಬೇಡ ಎಂದವರನ್ನು ಮತ್ತೆ ಮತ್ತೆ ಕೇಳುವುದು ನಮ್ಮಲ್ಲಿ ಅವಮಾನ" ಎಂದಳು ಹೆಲೆನ್. "ಎರಡನೆಯ ಸಲ ಕೇಳಿದ್ದಕ್ಕೇ ನನಗೆ ಮುಜುಗರವಾಗಿತ್ತು."

ಇವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ನನಗೂ ನೀ ಇದನ್ನ ಹೇಳಿರಲಿಲ್ಲ. ಅಕಿ ಕೇಳ್ಯಾಳಂತ ಎಲ್ಲಿ ಹೇಳೀದಿ? ಕೇಳೇ ಇಲ್ಲ ಅಂತ ಎರಡ್ ತಿಂಗಳು ಅತ್ತೀದಿ."

ಅತ್ತದ್ದು ಸುಳ್ಳಲ್ಲ. ನನ್ನ ಮಟ್ಟಿಗೆ ಅವಳು ಸರಿಯಾಗಿ ಕೇಳಿರಲೇ ಇಲ್ಲ. ಹೆಲೆನ್ ಹೇಳಿದ್ದು ಪೂರ್ತಿ ನಿಜವೇ ಎಂಬ ಅನುಮಾನ ಇಂದಿಗೂ ಹೋಗಿಲ್ಲ. ನಾನು ಟಾಮ್ ಹೆಸರು ಹೇಳಿದಾಗ ಅವಳ ಮುಖ ಹಗುರಾದದ್ದನ್ನು ನಾನು ನೋಡಿದ್ದೆ. ಆದರೆ ಹೆಸರು ಅವಳ ಬಾಯಿಂದ ಬಂದದ್ದಲ್ಲ, ನನ್ನ ಬಾಯಿಂದ ಬಂದದ್ದು. ಅಷ್ಟು ದಿನ ಊರನ್ನೆಲ್ಲ ಅನುಮಾನಿಸಿದವಳು ನನ್ನ ಬಾಯೊಂದನ್ನು ಅನುಮಾನಿಸಿರಲಿಲ್ಲ. ಹಲಗೆ ಮತ್ತೆ ನಮ್ಮ ಬದಿಗೆ ಬಂದಾಗ ಕೈ ಚಾಚಿ ಅಣಬೆ ಎತ್ತಿಕೊಂಡೆ. ಬರೀ ಉಪ್ಪು, ಬಿಸಿ. ಚೆನ್ನಾಗಿತ್ತು.

ಟಾಮ್ ಹುದ್ದೆ ಟಾಮ್‌ಗೇ ಉಳಿಯಿತು. ಚಳಿಗಾಲದಲ್ಲಿ ಹೆಲೆನ್ ಶನಿವಾರದ ಶಿಫ್ಟಿನ ಉಸ್ತುವಾರಿ ನೋಡುತ್ತೀಯಾ ಎಂದು ಕೇಳಿದಾಗ, ಅವಳ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಮೈಮೇಲೆ ಬಟ್ಟೆಯಿಲ್ಲದಷ್ಟು ನಾಚಿಕೆಯಾಯಿತು. ಹೆಲೆನ್‌ಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ, ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡು ಹೋದಳು. ಆಮೇಲೆ ರೂಢಿಯಾಯಿತು. ಚಹಾ ಬೇಕೇ, ಹೂಂ. ರಜೆ ಬೇಕೇ, ಹೂಂ.

ಆ ರಜೆಯಲ್ಲಿ ವಿಜಯಪುರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಸಾಲಿನಲ್ಲಿ ಬಡಿಸುತ್ತಾ ಬಂದ ಅಕ್ಕ "ಇನ್ನೊಂದು ಹೋಳಿಗಿ ಹಾಕ್ಲೇನ?" ಎಂದಳು.

"ಹಾಕು" ಎಂದೆ.

ಅವಳ ಕೈ ಒಂದು ಗಳಿಗೆ ನಿಂತಿತು. ಪಕ್ಕದಲ್ಲಿದ್ದ ಅವಳ ಅತ್ತೆ ನನ್ನ ತಾಟು ನೋಡಿದರು. ಅಕ್ಕ ಹೋಳಿಗೆ ಹಾಕಿ ಮುಂದಕ್ಕೆ ಹೋದಳು. ಎಲ್ಲರೂ ಅಡ್ಡಾದ ಮೇಲೆ ಬಂದು ನನ್ನ ಪಕ್ಕ ಕೂತಳು. "ಖರೇ ಹೇಳು. ಅಲ್ಲಿ ಹೊಟ್ಟಿತುಂಬ ಉಣ್ಣಾಕ ಸಿಗ್ತದೋ ಇಲ್ಲೋ?"

"ಸಿಗ್ತದಕ್ಕ."

ಅವಳು ನಂಬಲಿಲ್ಲ. ಕೊಲಿಂಡೇಲಿಗೆ ಬಂದು ಸೂಟ್‌ಕೇಸು ತೆಗೆದು ನೋಡಿದರೆ, ನನ್ನ ಎರಡು ಸೀರೆ ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ಶೇಂಗಾ ಹೋಳಿಗೆಯ ದೊಡ್ಡ ಗಂಟು ತುರುಕಿದ್ದಳು. ಬೇಕೇನ ಎಂದು ಒಂದು ಸಲವೂ ಕೇಳಿರಲಿಲ್ಲ.