ಮೂರನೆಯವನಿಗೆ ಒಂದು ವೋಟು

ಬಹರೈನಿನ ಟುಬ್ಲಿಯಲ್ಲಿ ಅಲ್ಯೂಮಿನಿಯಂ ಕಿಟಕಿ, ಮೆಟ್ಟಿಲಿನ ಕಂಬಿ ಮಾಡುವ ವರ್ಕ್‌ಶಾಪೊಂದರ ಆಫೀಸು ನೋಡಿಕೊಳ್ಳುವವಳು ನಾನು. ಒಂಬತ್ತು ವರ್ಷವಾಯಿತು. ಧಣಿ ನಮ್ಮ ಮಂಗಳೂರಿನ ಕಡೆಯವನೇ. ಎದುರಿಗೆ ಸರ್ ಅನ್ನುತ್ತೇನೆ. ಇಲ್ಲಿ ‘ಅವನು’ ಸಾಕು. ಬಹಳ ಕಾಲ ಅಮೆರಿಕದಲ್ಲಿದ್ದು, ಅಲ್ಲಿನ ಪೌರತ್ವ ಪಡೆದು, ಆಮೇಲೆ ಇಲ್ಲಿಗೆ ಬಂದು ವ್ಯಾಪಾರ ಹಾಕಿದ. ಬರುವಾಗ ಪಾಸ್‌ಪೋರ್ಟಿನ ಜೊತೆಗೆ ಅಲ್ಲಿನ ರಾಜಕೀಯವನ್ನೂ ಕಟ್ಟಿಕೊಂಡು ಬಂದ.

ಅಲ್ಲಿ ಅಧ್ಯಕ್ಷರ ಚುನಾವಣೆ ಬಂದರೆ ಜಗತ್ತೆಲ್ಲ ಇಬ್ಬರ ಬಗ್ಗೆ ಜಗಳವಾಡುತ್ತದೆ. ಇವನ ವೋಟು ಮಾತ್ರ ಮೂರನೆಯ ಅಭ್ಯರ್ಥಿಗೆ. ತಾನು ಲಿಬರ್ಟೇರಿಯನ್ ಅಂತೆ. ಸರಕಾರ ಯಾರ ತಂಟೆಗೂ ಬರಬಾರದು, ತೆರಿಗೆ ಬೇಡ, ಪರ್ಮಿಟ್ ಬೇಡ, ಪ್ರತಿ ಮನುಷ್ಯನೂ ತನಗೆ ತಾನೇ ಯಜಮಾನ. ಊಟದ ಹೊತ್ತಿನಲ್ಲಿ ಆ ಅಭ್ಯರ್ಥಿಯ ಭಾಷಣವನ್ನು ಫೋನಿನಲ್ಲಿ ಜೋರಾಗಿ ಹಾಕಿ, ನನ್ನ ಮೀನುಸಾರು ಆರುವ ತನಕ ವಿವರಿಸುತ್ತಿದ್ದ. ನಮ್ಮೂರಿನ ಲೆಕ್ಕದಲ್ಲಾದರೆ ಠೇವಣಿಯೂ ಉಳಿಯದ ಗಿರಾಕಿ ಆ ಅಭ್ಯರ್ಥಿ.

“ಸೋಲುವವನಿಗೆ ಎಂತಕ್ಕೆ ಸರ್ ವೋಟು?” ಎಂದು ಒಮ್ಮೆ ಕೇಳಿದೆ.

“ಅದು ತತ್ವ ಮಾರಾಯ್ತಿ. ನಿಂಗೆ ಅದೆಲ್ಲ ಅರ್ಥ ಆಗುದಿಲ್ಲ.”

ತತ್ವವಂತೆ, ಅವನ ತಲೆ! ಕೆಲಸಕ್ಕಿದ್ದ ನಮ್ಮೆಲ್ಲರ ಪಾಸ್‌ಪೋರ್ಟುಗಳು ಆಫೀಸಿನ ಕಬ್ಬಿಣದ ಡ್ರಾಯರಿನಲ್ಲಿದ್ದವು. ಗಲ್ಫಿನಲ್ಲಿ ದುಡಿದವರಿಗೆ ಇದು ಹೊಸತಲ್ಲ. ಕಾನೂನು ಒಪ್ಪುವುದಿಲ್ಲ, ಆದರೂ ಸೇರಿದ ದಿನವೇ ‘ಭದ್ರವಾಗಿರುತ್ತದೆ’ ಎಂದು ಕೇಳುತ್ತಾರೆ, ನಾವು ಕೊಡುತ್ತೇವೆ. ಡ್ರಾಯರಿನ ಕೀ ನನ್ನ ಹತ್ತಿರ, ತೆರೆಯುವ ಅಪ್ಪಣೆ ಅವನದ್ದು.

ಕಳೆದ ಚುನಾವಣೆಯ ಸಮಯ. ಕುಂದಾಪುರದ ಕಡೆಯ ವೆಲ್ಡರ್ ಒಬ್ಬ ಆಫೀಸಿಗೆ ಬಂದು ನಿಂತ. ಊರಿನಲ್ಲಿ ಹೆಂಡತಿಗೆ ಗುರುವಾರ ಹೃದಯದ ಆಪರೇಷನ್. ಟಿಕೆಟು ಅವನೇ ತೆಗೆದಿದ್ದ. ಪಾಸ್‌ಪೋರ್ಟ್ ಒಂದು ಕೈಗೆ ಸಿಕ್ಕಿದರೆ ಸಾಕಿತ್ತು.

“ಸೀಫಿನ ಶಾಪಿಂಗ್ ಮಾಲಿನ ಕೆಲಸ ಮುಗೀಲಿ. ಆಮೇಲೆ ಹೋಗು,” ಎಂದ ಧಣಿ.

“ಸರ್, ಅವ್ಳು ಒಬ್ಳೇ ಇಪ್ಪುದು.”

“ಆಪರೇಷನ್ ಮಾಡುದು ಡಾಕ್ಟರೋ, ನೀನೋ?”

ವೆಲ್ಡರ್ ಹೊರಟ. ಅವನ ಹಿಂದೆ ಬಾಗಿಲು ಮುಚ್ಚಿದ್ದಷ್ಟೇ, ಧಣಿ ತನ್ನ ಮತಪತ್ರದ ಪ್ರಿಂಟ್ ಕೇಳಿದ. ಅದು ಈಮೇಲಿನಲ್ಲಿ ಬಂದಿತ್ತು. ತುಂಬಿ ಕೊರಿಯರಿನಲ್ಲಿ ಕಳುಹಿಸಬೇಕು. ಮೂರನೆಯವನ ಹೆಸರಿಗೆ ಗುರುತು ಹಾಕಿ, ಜೊತೆಗಿನ ಫಾರಂ ತುಂಬಲು ಕಿಸೆಯಿಂದ ತನ್ನ ನೀಲಿ ಪಾಸ್‌ಪೋರ್ಟ್ ತೆಗೆದ.

“ಇದು ಯಾವಾಗ್ಲೂ ನನ್ನ ಕಿಸೆಯಲ್ಲೇ. ಮನುಷ್ಯನ ಪಾಸ್‌ಪೋರ್ಟ್ ಇನ್ನೊಬ್ಬನ ಕೈಯಲ್ಲಿ ಇರ್ಬಾರ್ದು, ಗೊತ್ತುಂಟಾ?”

ತಮಾಷೆ ಇರಬೇಕೆಂದು ಮುಖ ನೋಡಿದೆ. ಎಂತ ತಮಾಷೆ! ಮನಸ್ಸಾರೆ ಹೇಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಥೂ, ಇಂಥವನ ತತ್ವಕ್ಕೆ ಬೆಂಕಿ ಬೀಳಲಿ!

ಧಣಿ ಸೀಫಿಗೆ ಹೊರಟದ್ದೇ ತಡ, ಡ್ರಾಯರ್ ತೆರೆದು ಹುಡುಕಿ, ವೆಲ್ಡರನನ್ನು ಕರೆಸಿ ಅವನ ಪಾಸ್‌ಪೋರ್ಟನ್ನು ಕೈಗಿಟ್ಟೆ.

“ನಿಮ್ಗೆ ತೊಂದ್ರೆ ಆತಿಲ್ಯಾ, ಅಕ್ಕ?”

“ನೀನು ಮೊದ್ಲು ಹೋಗು ಮಾರಾಯ.”

ಮರುದಿನ ಧಣಿಗೆ ಗೊತ್ತಾಯಿತು. “ಯಾರನ್ನು ಕೇಳಿ ಕೊಟ್ಟದ್ದು?” ಎಂದು ಹಾರಾಡಿದ.

“ಅವನ ಪಾಸ್‌ಪೋರ್ಟ್ ಸರ್. ಅವನು ಕೇಳಿದ, ಕೊಟ್ಟೆ.”

“ಕೀ ತಾ ಇಲ್ಲಿ!”

ಕೀಯನ್ನು ಮೇಜಿನ ಮೇಲೆ ಟಪ್ಪೆಂದು ಎಸೆದೆ. ಆಗ ನನಗೆಷ್ಟು ಹೆಮ್ಮೆ! ಇವನಂಥವನಿಗೆ ಅಷ್ಟಾದರೂ ಆಗಬೇಕಿತ್ತು ಅನ್ನಿಸಿತು. ಕೀ ಅವನ ಕಿಸೆ ಸೇರಿತು. ಮತಪತ್ರದ ಲಕೋಟೆ ಕಳುಹಿಸುವ ಚಾಕರಿ ಮಾತ್ರ ನನ್ನದೇ ಉಳಿಯಿತು.

ಪಕ್ಕದ ಸನದ್ ಎಂಬಲ್ಲಿನ ಕೊರಿಯರ್ ಅಂಗಡಿಯಲ್ಲಿ ನಿಂತಿದ್ದಾಗ ವೆಲ್ಡರನ ಮೆಸೇಜು ಬಂತು, ಆಸ್ಪತ್ರೆ ಮುಟ್ಟಿದೆ ಅಕ್ಕ, ಅವಳನ್ನು ನೋಡಿದೆ ಎಂದು. ಕಣ್ಣು ತುಂಬಿಕೊಂಡೇ ಕೌಂಟರಿಗೆ ಹೋದೆ.

“ಪಾಸ್‌ಪೋರ್ಟ್ ಯಾ ಸಿಪಿಆರ್?” ಎಂದು ಗುಮಾಸ್ತ ಗುರುತಿನ ದಾಖಲೆ ಕೇಳಿದ.

ಸಿಪಿಆರ್, ಅಂದರೆ ಇಲ್ಲಿನ ಗುರುತಿನ ಕಾರ್ಡು, ಚಾಚಿದ ಕೈ ಅರ್ಧಕ್ಕೇ ನಿಂತಿತು. ಅಷ್ಟು ವರ್ಷ ಆ ಕೀ ನನ್ನ ಬಳಿಯೇ ಇತ್ತು. ಮೊನ್ನೆ ವೆಲ್ಡರನದ್ದನ್ನು ಹುಡುಕುವಾಗ ಎಲ್ಲಕ್ಕಿಂತ ಮೇಲೆ ಸಿಕ್ಕಿದ್ದು ನನ್ನದೇ ಪಾಸ್‌ಪೋರ್ಟ್. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಮತ್ತೆ ಅದರ ಜಾಗದಲ್ಲೇ ಇಟ್ಟು, ನಾನೇ ಬೀಗ ಹಾಕಿದ್ದೆ.