ಕೇಳಲು ಬಂದವರು

ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ನನ್ನ ಮಗ್ಗದ ಹಳೆಯ ಲಾಳಿ ಈಗ ಮೊಮ್ಮಗಳ ಬಸ್ಸಾಗಿದೆ. ಅದನ್ನು ನೆಲದ ಮೇಲೆ ತಳ್ಳುತ್ತ, "ಸಾಲಹಳ್ಳಿ, ಸಾಲಹಳ್ಳಿ! ಲಗೂನ ಹತ್ರಿ!" ಎಂದು ಕೂಗುತ್ತಾಳೆ. ಮೂರು ವರ್ಷದವಳು. ಎಷ್ಟೋ ಕಾಲ ಕಾದ ಮೇಲೆ ನಮ್ಮ ಮನೆಗೆ ಬಂದ ಮೊದಲ ಮೊಮ್ಮಗು. ಅವಳು ಒಂದು ಸಲ ಕೂಗಿದರೆ ಸಾಕು, ಈ ಮುದುಕನ ಎದೆ ಉಬ್ಬಿ ಅಂಗಿಯ ಗುಂಡಿ ಹರಿದು ಹೋಗುವಂತಾಗುತ್ತದೆ.

ನಿನ್ನೆ ಆ ಲಾಳಿಯನ್ನು ಮೂಗಿಗೆ ಹಿಡಿದೆ. ನೂಲಿಗೆ ಹಚ್ಚುತ್ತಿದ್ದ ಗಂಜಿಯ ವಾಸನೆ ಕಟ್ಟಿಗೆಯಲ್ಲಿ ಇನ್ನೂ ಇತ್ತು. ಆ ವಾಸನೆಯ ಹಿಂದೆಯೇ, ನೆನಪಿನಲ್ಲಿ, ಆ ಪಾದ್ರಿಗಳು ಬಂದು ನನ್ನ ಕಟ್ಟೆಯ ಮೇಲೆ ಕುಳಿತರು…

ಎಪ್ಪತ್ತರ ದಶಕದ ನಡುವಿನ ಮಾತು, ತುರ್ತು ಪರಿಸ್ಥಿತಿಯ ಕಾಲ. ರಾಮದುರ್ಗದಲ್ಲಿ ನಮ್ಮ ಓಣಿಯ ಮನೆಮನೆಗೂ ಮಗ್ಗ. ಆ ಸಪ್ಪಳದಲ್ಲಿ ಏನು ಹೇಳಬೇಕಾದರೂ ಒದರಿಯೇ ಹೇಳಬೇಕು. ಹೀಗಾಗಿ ನಮ್ಮ ಓಣಿಯ ಗುಟ್ಟುಗಳೆಲ್ಲ ಒದರಿ ಹೇಳಿದ ಗುಟ್ಟುಗಳೇ. ನನ್ನ ಗೋಡೆಗೆ ಹತ್ತಿದ ಮನೆಯಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದು ಮಲಗಿದ್ದಳು. ಓಣಿಗೆಲ್ಲ ಅದೊಂದೇ ಕ್ರೈಸ್ತರ ಮನೆ. ಪ್ರತಿ ಗುರುವಾರ ಚರ್ಚಿನ ಪಾದ್ರಿಗಳೊಬ್ಬರು ಸೈಕಲ್ ಹೊಡೆದುಕೊಂಡು ಅವಳ ಮನೆಗೆ ಬರುತ್ತಿದ್ದರು. ಮುದುಕಿಯ ಮಾತು ಗೋಡೆಯಾಚೆ ಗೊಣಗೊಣ ಎನ್ನುತ್ತಿತ್ತು. ಪಾದ್ರಿಗಳ ದನಿ ಮಾತ್ರ ಒಂದು ದಿನವೂ ಕೇಳಿಸಲಿಲ್ಲ.

ಮುದುಕಿ ತೀರಿಕೊಂಡಳು. ಆ ಮನೆಗೆ ಕೀಲಿ ಬಿತ್ತು. ಮುಂದಿನ ಗುರುವಾರ ಸೈಕಲ್ ಮತ್ತೆ ಬಂತು. ಪಾದ್ರಿಗಳು ಅದನ್ನು ನಿಲ್ಲಿಸಿ, ಕ್ಯಾರಿಯರ್ ಮೇಲಿನ ಕರಿ ಚೀಲವನ್ನು ಅಲ್ಲೇ ಬಿಟ್ಟು, ನನ್ನ ಕಟ್ಟೆಗೆ ಬಂದು ಕುಳಿತರು.

"ಏನ್ ಕೇಳಾಕ ಬಂದೀರಿ?" ಎಂದೆ, ಕಾಲು ಇಳಿಬಿಟ್ಟು ಕುಳಿತಿದ್ದ ಮಗ್ಗದ ಕುಣಿಯಿಂದಲೇ.

"ಏನಿಲ್ಲ ತಮ್ಮಾ. ಸುಮ್ನ ಕೇಳಾಕ ಬಂದೇನಿ."

ನನಗೆ ಗೊತ್ತಿದ್ದದ್ದು ಒಂದೇ ಥರದ ಕೇಳುವುದು. ಬಾಗಿಲಿಗೆ ಬಂದವರು ಹೆಣ್ಣು ಕೇಳುತ್ತಾರೆ, ವೋಟು ಕೇಳುತ್ತಾರೆ, ಇಲ್ಲವೇ ವಂತಿಗೆ ಕೇಳುತ್ತಾರೆ. ನನ್ನ ಮನೆಯಲ್ಲಿ ಕೊಡುವಂಥ ಹೆಣ್ಣು ಇರಲಿಲ್ಲ. ಇದ್ದ ಒಬ್ಬ ಹೆಂಡತಿಯೂ ಸಾಲಹಳ್ಳಿಯ ತವರಿಗೆ ಹೋಗಿ ಹತ್ತು ತಿಂಗಳಾಗಿತ್ತು. ಹಾಗಾದರೆ ಈ ಮನುಷ್ಯ ಏನು ಕೇಳುತ್ತಾನೆ? ನನ್ನ ದೇವರನ್ನೇ ಕೇಳುತ್ತಾನೋ?

ಎದುರು ಮನೆಯ ಹಿರಿ ಹೆಂಗಸು, ಓಣಿಗೆಲ್ಲ ಕಾಕು, ನನಗಿಂತ ಜಾಣೆ. ಪಾದ್ರಿಗಳು ಹೋದದ್ದೇ ತಡ, ಓಡಿ ಬಂದಳು.

"ಸತ್ತ ಮುದುಕಿನ್ನ ಮಾತಾಡ್ಸಾಕ ಬರ್ತಾನೇನಪಾ ಅವ? ಮಕ್ಕಳಾಗದಂಗ ಆಪರೇಶನ್ ಮಾಡಾಕ ಗಂಡಸರನ್ನ ಹಿಡಿಯೂ ಮಂದಿ ಹಿಂಗ ಮೆತ್ತಗ ಬಂದು ಕುಂದರ್ತಾರ. ಹುಷಾರ್!"

"ನನಗ ಮಕ್ಕಳ ಇಲ್ಲಲ್ಲ ಕಾಕು, ನನ್ನ ಹಿಡಿದು ಏನ್ ಮಾಡ್ತಾರ?"

"ಅದಕ್ಕ ಹೇಳಾಕತ್ತೇನಿ ಖೋಡಿ, ಆಗೂದಕ್ಕಿಂತ ಮೊದ್ಲ ಕೊಯ್ತಾರ!"

ನಕ್ಕೆನಾದರೂ ಒಳಗೊಳಗೆ ಅಂಜಿಕೆ ಹತ್ತಿತು. ಆ ಚೀಲದಲ್ಲಿ ಏನಿದೆ? ಏಕೆ ಹೊರಗೇ ಬಿಡುತ್ತಾರೆ? "ಒಲ್ಲೆ" ಎಂಬ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಪ್ರತಿ ಗುರುವಾರ ಕಾದೆ. ಅವರು ಏನನ್ನೂ ಕೇಳಲಿಲ್ಲ. ಕೊಟ್ಟ ಚಹಾ ಕುಡಿಯುವುದು, ತಲೆ ಒಂದಿಷ್ಟು ಓರೆ ಮಾಡಿ ಕೂಡುವುದು, ಹೊತ್ತಾದ ಮೇಲೆ ಎದ್ದು ಹೋಗುವುದು. ಪಾದ್ರಿಯಾದವನು ದೇವರ ಹೆಸರನ್ನೇ ಎತ್ತುವುದಿಲ್ಲವೆಂದರೆ? ಇದು ಬಲು ದೊಡ್ಡ ಹೂಟ ಎಂದುಕೊಂಡೆ. ಅವರಿಗೆ ಕೇಳಲು ಸಂದಿಯೇ ಸಿಗಬಾರದೆಂದು ನಾನೇ ಮಾತು ತುಂಬತೊಡಗಿದೆ. ನೂಲು ಸರಿ ಇಲ್ಲ ಎಂದೆ. ಮಾವನಿಗೆ ಸೊಕ್ಕು ಎಂದೆ. ಹೆಂಡತಿ ಹಟಮಾರಿ, ತಾನಾಗಿ ಹೋದಳು, ತಾನಾಗಿ ಬರಲಿ ಎಂದೆ. ಅವರು "ಪಾಪ" ಎನ್ನಲಿಲ್ಲ, "ತಪ್ಪು" ಎನ್ನಲಿಲ್ಲ.

ಒಮ್ಮೆ ತಡೆಯಲಾರದೆ, "ನಿಮಗ ಬ್ಯಾರೆ ಕೆಲಸಿಲ್ಲೇನ್ರಿ?" ಎಂದುಬಿಟ್ಟೆ.

ಅವರು ನಕ್ಕರು. "ಇದ ನನ್ನ ಕೆಲಸ. ಹೇಳೂದು ಐತವಾರ ಒಂದ ದಿನ. ಉಳಿದ ಆರು ದಿನ ಕೇಳೂದು."

ನಾನು ನಂಬಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಗುರುವಾರ, ಅವರು ಚಹಾದ ಬಶಿಯನ್ನು ಕೆಳಗಿಟ್ಟು, "ತಮ್ಮಾ, ಒಂದ ಮಾತು ಕೇಳ್ಲೇನು?" ಎಂದರು. ಬಂತು ನೋಡು ಎಂದುಕೊಂಡೆ. "ಒಲ್ಲೆ" ಸಿದ್ಧವಾಗಿತ್ತು.

"ನೀ ಮಾವನ್ನ ಬೈತಿ, ಲಾಳಿ ಓಡ್ತೈತಿ. ಊರ ಮಂದಿನ್ನ ಬೈತಿ, ಓಡ್ತೈತಿ. 'ಆಕಿ' ಅಂದ ಕೂಡ್ಲೆ ನಿಲ್ತೈತಿ. ಯಾಕ?"

ಇದಕ್ಕೆ "ಒಲ್ಲೆ" ಹೊಂದಲಿಲ್ಲ. ಸಿಟ್ಟು ನೆತ್ತಿಗೇರಿತು. "ನನ್ನ ಲಾಳಿ ಎಣಸಾಕ ಬರ್ತಿದ್ರೇನು? ಯಾರ್ ಕಳಿಸ್ಯಾರ ನಿಮ್ಮನ್ನ? ನಮ್ಮ ಮಾವ?"

"ಬಾಜೂ ಮನಿ ಅಜ್ಜಿ" ಎಂದರು. "ಸಾಯೂಕಿಂತ ಮೊದ್ಲ ಹೇಳಿದ್ಲು. 'ಗ್ವಾಡಿ ಆಚಿಕಡೆ ಹುಡುಗ ಮಗ್ಗದ ಸಪ್ಪಳದಾಗ ಅಳತಾನ್ರಿ, ಯಾರಿಗೂ ಕೇಳ್ಸಂಗಿಲ್ಲ ಅಂತ ತಿಳ್ಕೊಂಡಾನ' ಅಂತ."

ಲಾಳಿ ಎಳೆಯುವ ಹಗ್ಗವನ್ನು ಬಿಟ್ಟೆ. ಓಣಿಯಲ್ಲಿ ಯಾರಿಗೂ ಹೇಳದ ಮಾತನ್ನು ಆವತ್ತು ಹೇಳಿದೆ. ನಮ್ಮದೊಂದು ಹೆಣ್ಣು ಕೂಸು ಇಪ್ಪತ್ತೆರಡು ದಿನ ಇತ್ತು, ಅಷ್ಟು ಓಣಿಗೂ ಗೊತ್ತು. ಗೊತ್ತಿಲ್ಲದ್ದೆಂದರೆ, ಅದು ಹೋದ ದಿನ ನಾನು ಹೆಂಡತಿಗೆ, "ನಿನ್ನ ಕಾಲ್ಗುಣನ ನನ್ನ ಕೂಸಿನ್ನ ತಿಂತು" ಎಂದಿದ್ದೆ. ಆಕೆ ಸೀರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದಳು. ತಾನಾಗಿ ಹೋದದ್ದಲ್ಲ, ನಾನು ಕಳಿಸಿದ್ದು.

ಪಾದ್ರಿಗಳು ತಲೆ ಓರೆ ಮಾಡಿ ಕೇಳುತ್ತಲೇ ಇದ್ದರು. ನನಗೆ ತಾಳಲಾಗಲಿಲ್ಲ. "ಏನರ ಹೇಳ್ರಿ!" ಎಂದು ಒದರಿದೆ.

"ನಾ ಏನ್ ಹೇಳ್ಲಿ ತಮ್ಮಾ? ಇನ್ನೊಬ್ಬರ ಮಾತು ಕೇಳೂದು ಉಳಿದೈತಲ್ಲ."

ಆಗಲೂ ನನ್ನ ಸಂಶಯ ಹೋಗಲಿಲ್ಲ ನೋಡಿ. ಮನೆ ಖಾಲಿ ಮಾಡಿಸುವ ಯುಕ್ತಿ ಇರಬಹುದೆಂದು, ಕೀಲಿಯನ್ನು ಕಾಕುವಿನ ಕೈಗೆ ಕೊಟ್ಟು, "ಪಾದ್ರಿ ಬಂದ್ರ ಕಟ್ಟಿ ಮ್ಯಾಲೂ ಕುಂಡ್ರಸಬ್ಯಾಡ" ಎಂದು ಹೇಳಿ ಮರುದಿನ ಸಾಲಹಳ್ಳಿಯ ಬಸ್ಸು ಹತ್ತಿದೆ.

ಮಾವ ಬಾಗಿಲಲ್ಲೇ ತಡೆದ. "ಏನ್ ಕೇಳಾಕ ಬಂದಿ?"

"ಕೇಳಾಕ ಬಂದೇನ್ರಿ."

"ಕೇಳಬ್ಯಾಡ. ಆಕಿನ್ನ ಕಳಸಂಗಿಲ್ಲ."

"ಆಕಿನ್ನ ಅಲ್ರಿ ಮಾವಾರ. ಆಕಿ ಮಾತು ಕೇಳಾಕ ಬಂದೇನಿ."

ಜೋಳ ಹಸನು ಮಾಡುತ್ತಿದ್ದ ಆಕೆ ಮೊರ ಕೆಳಗಿಡದೆ ನನ್ನನ್ನು ನೋಡಿದಳು. "ಯಾರು ಕಲಿಸಿ ಕಳಿಸ್ಯಾರ್ರಿ ನಿಮಗ ಈ ಮಾತು?" ಎಂದಳು. ನನಗಿಂತ ಹೆಚ್ಚು ಸಂಶಯ ಆಕೆಗೆ. ನಾನು ಕಂಬಕ್ಕೆ ಒರಗಿ ಕುಳಿತೆ. ಆಕೆ ಮತ್ತೆ ಜೋಳ ಕೇರತೊಡಗಿದಳು. ಆಮೇಲೆ ಒಂದೊಂದೇ ಮಾತು ಬಂತು. ಉತ್ತರ ಬಾಯಿಯವರೆಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ಕಡೆಗೆ ಆಕೆ ಹೇಳಿದಳು.

"ಕೂಸು ಮೊಲಿ ಹಿಡಿಯವಲ್ತು ಅಂತ ಮೂರ ಸಲ ಬಂದು ಹೇಳಿದೆ. ಮೂರೂ ಸಲ ಹೂಂ ಅಂದ್ರಿ. ಲಾಳಿ ನಿಲ್ಲಲಿಲ್ಲ."

ನನಗೆ ನೆನಪೇ ಇರಲಿಲ್ಲ. ಒಂದು ಸಲದ್ದೂ ಇರಲಿಲ್ಲ…

ಹದಿನೈದು ದಿನದ ಮೇಲೆ ಆಕೆ ತಾನಾಗಿಯೇ ಬಂದಳು. ಬಂದವಳು ಗಂಟು ಬಿಚ್ಚುವ ಮೊದಲು ಮಗ್ಗದ ಮುಂದೆ ನಿಂತು, "ನೀರ ಕೊಡ್ರಿ" ಎಂದಳು. ಪರೀಕ್ಷೆ ಎಂದು ಗೊತ್ತಾಯಿತು. ಲಾಳಿ ಬಿಟ್ಟು ಎದ್ದೆ.

ಪಾದ್ರಿಗಳನ್ನು ಊಟಕ್ಕೆ ಕರೆಯಬೇಕೆಂದು ಗುರುವಾರ ಕಾದೆವು. ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕಾಕು ಹೇಳಿದ್ದಕ್ಕೆ ಸಿಟ್ಟಾದರೋ ಎಂದು ಅವಳನ್ನೇ ಕೇಳಿದರೆ, "ನಾ ಏನೂ ಅಂದಿಲ್ಲಪಾ, ಅವ ಬಂದ ಇಲ್ಲ" ಎಂದು ಆಣೆ ಮಾಡಿದಳು. ಬೈಲಹೊಂಗಲದ ಕಡೆ ವರ್ಗವಾಯಿತೆಂದು ಆಮೇಲೆ ತಿಳಿಯಿತು. ನಾಳೆ ಹೋಗೋಣ, ಸುಗ್ಗಿ ಮುಗಿಯಲಿ ಎನ್ನುತ್ತ ವರ್ಷಗಳೇ ಕಳೆದವು. ಮಗ ಹುಟ್ಟಿ, ನಡೆಯಲು ಕಲಿತ ಮೇಲೆ ಅವನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮುರಗೋಡದ ಮೇಲಿಂದ ಬೈಲಹೊಂಗಲಕ್ಕೆ ಹೋದೆ. ಚರ್ಚಿನ ಮುಂದೆ ಕಸ ಗುಡಿಸುತ್ತಿದ್ದವರು, ಪಾದ್ರಿಗಳು ಕಿತ್ತೂರಿನ ಕಡೆ ಹೋದ ಮೇಲೆ ತೀರಿಕೊಂಡರೆಂದು ಹೇಳಿದರು.

"ನಿಮಗೇನಾಗ್ಬೇಕಿತ್ರಿ ಅವ್ರು?" ಎಂದೂ ಕೇಳಿದರು. ಏನು ಹೇಳಲಿ? ಅವರ ಊರು ಯಾವುದು, ಮನೆಯಲ್ಲಿ ಯಾರಿದ್ದರು, ಮಕ್ಕಳಿದ್ದರೋ, ಇದ್ದು ಹೋದರೋ, ನನಗೆ ಒಂದೂ ತಿಳಿದಿರಲಿಲ್ಲ. ಅಷ್ಟು ಗುರುವಾರ ನನ್ನ ಕಟ್ಟೆಯ ಮೇಲೆ ಕುಳಿತ ಮನುಷ್ಯನನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಆ ಕರಿ ಚೀಲದಲ್ಲಿ ಏನಿತ್ತೆಂಬುದು ಇವತ್ತಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಅದರ ಬಗ್ಗೆ ಹಳೆಯ ಸಂಶಯ ಹೆಡೆ ಎತ್ತುತ್ತದೆ. ಆಗ ನನಗೇ ನಾಚಿಕೆಯಾಗುತ್ತದೆ.

"ಅಜ್ಜಾ, ಬಸ್ ಹೊಂಟ್ತು!" ಮೊಮ್ಮಗಳು ಕೂಗುತ್ತಿದ್ದಾಳೆ.

"ಹೂಂ" ಎನ್ನುತ್ತೇನೆ ಬರೆಯುತ್ತಲೇ.

ಒಳಗಿನಿಂದ ಹೆಂಡತಿಯ ದನಿ ಬರುತ್ತದೆ. "ಬರೇ ಹೂಂ ಅಂದ್ರ ಸಾಲಂಗಿಲ್ರಿ."

ಪೆನ್ನು ಕೆಳಗಿಡುತ್ತೇನೆ.