ಸಿಂದಗಿ ಸಾವುಕಾರರ ಹೊಸ ರುಮಾಲು

೧೯೯೮ನೆಯ ಇಸವಿ. ವಿಜಾಪುರದಲ್ಲಿ ನನ್ನದು ಹಳೆಯ ವಸ್ತುಗಳ ಅಂಗಡಿ, ಅದೂ ಬಾಡಿಗೆಯದು. ಹಳ್ಳಿಹಳ್ಳಿ ತಿರುಗಿ ಹಳೆಯ ಹಿತ್ತಾಳೆಗೆ ಸ್ಟೀಲ್ ಪಾತ್ರೆ ಕೊಡುತ್ತ ಮೇಲೆ ಬಂದವನು ನಾನು. ಚೌಕಾಸಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆ ವರ್ಷ ಸಿಂದಗಿಯ ಹತ್ತಿ ವ್ಯಾಪಾರಿ ಚನ್ನಪ್ಪನವರ ಪಡಸಾಲೆಯಲ್ಲಿ ಅವರ ಮುತ್ತಜ್ಜನ ತೈಲಚಿತ್ರ ಕಂಡೆ. ಹತ್ತೊಂಬತ್ತನೆಯ ಶತಮಾನದ್ದು. ರುಮಾಲು ಸುತ್ತಿದ ಸಾವುಕಾರ, ಕೈಯಲ್ಲಿ ಹತ್ತಿಯ ಅರಳೆ, ಬಿಗಿದ ತುಟಿ. ಬಣ್ಣದ ತುಂಬ ಕೂದಲೆಳೆಯಂಥ ಬಿರುಕು. ಇದಕ್ಕೆ ನಮ್ಮಲ್ಲಿ ಕ್ರ್ಯಾಕಲ್ ಎನ್ನುತ್ತಾರೆ; ಚಿತ್ರ ಹಳೆಯದೆಂಬುದಕ್ಕೆ ಅದೇ ಸಾಕ್ಷಿ, ಬೆಲೆ ಬರುವುದೂ ಅದಕ್ಕೇ. ಪುಣೆಯಲ್ಲಿ ಇಂಥದ್ದನ್ನೇ ಹುಡುಕುತ್ತಿದ್ದ ಗಿರಾಕಿಯೊಬ್ಬರಿದ್ದರು. ಇದೊಂದು ಕುದುರಿದರೆ ನನಗೆ ಸ್ವಂತ ಅಂಗಡಿ ಆಗುತ್ತಿತ್ತು.

ಆಸೆಯನ್ನು ಮುಖದಲ್ಲಿ ತೋರಿಸಲಿಲ್ಲ. ಹುಳುಕು ಎತ್ತಿ ಬೆಲೆ ಇಳಿಸುವುದೇ ನಮ್ಮ ಪದ್ಧತಿ.

"ಮಾರಿ ಎಲ್ಲಾ ಬಿರುಕ ಬಿಟ್ಟೈತ್ರಿ ಸಾವಕಾರ್ರ. ರುಮಾಲಿನ ಬಣ್ಣ ಹೋಗೇತಿ. ಯಾರ್ ತಗೋತಾರ್ರಿ ಇದನ್ನ?"

ಚನ್ನಪ್ಪನವರ ತಾಯಿ ಗಂಗವ್ವ ಒಳಗಿನಿಂದಲೇ ಕೇಳಿದರು: "ಮತ್ತ ನೀ ಯಾಕ ತಗೋತೀಯೋ ತಮ್ಮಾ?"

"ನಿಮ್ಮನಿ ಚಾ ಕುಡದೇನಲ್ರಿ ಅವ್ವಾ, ಬರಿಗೈಲೆ ಹೆಂಗ ಹೋಗ್ಲಿ?"

ಎಲ್ಲರೂ ನಕ್ಕರು. ಅವರಿಗೆ ಮನೆ ರಿಪೇರಿಗೆ ಹಣ ಬೇಕಿತ್ತು. ನಾನು ಹೇಳಿದ ಬೆಲೆಗೇ ಒಪ್ಪಿದರು. ಮುಂಗಡ ಕೊಟ್ಟೆ. ಬಸ್ಸಿನಲ್ಲಿ ಒಯ್ದರೆ ಕ್ಯಾನ್ವಾಸ್ ಹರಿದೀತೆಂದು ಬಿಟ್ಟುಬಂದೆ.

ವಾರ ಕಳೆದು, ಪುಣೆಯ ಗಿರಾಕಿಯನ್ನೂ ಕರೆದುಕೊಂಡು ಜೀಪಿನಲ್ಲಿ ಹೋದರೆ, ಸಾವುಕಾರರು ಮಿರಿಮಿರಿ ಮಿಂಚುತ್ತಿದ್ದರು! ಅಂಗಡಿ ಬೋರ್ಡು ಬರೆಯುವ ಪೇಂಟರ್ ಮೇಲಿಂದ ಕೆಳಗಿನವರೆಗೂ ಎನಾಮಲ್ ಬಣ್ಣ ಬಳಿದಿದ್ದ. ಬಿರುಕು ಒಂದೂ ಉಳಿದಿರಲಿಲ್ಲ. ರುಮಾಲು ಸರ್ಕಾರಿ ಬಸ್ಸಿನಷ್ಟು ಕೆಂಪು. ಬಿಗಿದ ತುಟಿಗೆ ನಗು ಬಂದಿತ್ತು.

"ಏನ್ ಮಾಡೀರಿ ಇದು!" ಎಂದು ಕೂಗಿಬಿಟ್ಟೆ.

"ನೀನ ಅಂದಿದ್ಯಲ್ಲೋ, ಮಾರಿ ಬಿರುಕ ಬಿಟ್ಟೈತಿ, ಬಣ್ಣ ಹೋಗೇತಿ ಅಂತ," ಎಂದರು ಗಂಗವ್ವ. "ರೊಕ್ಕಾ ತಗೊಂಡು ಕೆಟ್ಟ ಮಾಲ ಕೊಡೂ ಮಂದಿ ಅಲ್ಲಪಾ ನಾವು. ಮನಿ ಹಿರ್ಯಾ ಮನಿ ಬಿಟ್ಟು ಹೊಂಟಾನ, ಹಂಗ ಕಳಸಾಕ ಬರ್ತದೇನು?"

ಗಿರಾಕಿ ಉಗುರಿನಿಂದ ಅಂಚು ಕೆರೆದು ನೋಡಿದರು. ಮೇಲಿನದು ತೆಗೆದರೆ ಕೆಳಗಿನದೂ ಕಿತ್ತುಬರುತ್ತದೆ ಎಂದವರೇ ಹೋಗಿ ಜೀಪಿನಲ್ಲಿ ಕುಳಿತರು. ನನ್ನ ಮುಖ ನೋಡಿ ಚನ್ನಪ್ಪನವರು, "ಇನ್ನೇನರ ಕಮ್ಮಿ ಇದ್ರ ಹೇಳ್ರಿ, ಪೇಂಟರ್ ಇಲ್ಲೇ ಅದಾನ," ಎಂದರು.

ಈ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದಿಷ್ಟು: ಹುಳುಕು ಎತ್ತಿದಿರೋ, ಆ ಗಳಿಗೆಯೇ ವಸ್ತುವನ್ನು ಹೊತ್ತುಕೊಂಡು ಹೊರಡಿ. ಆಗದಿದ್ದರೆ, ಬೆಲೆ ಏರಿದರೂ ಏರಲಿ, "ಧೂಳು ಸಹ ಒರೆಸಬೇಡಿ" ಎಂದು ಬಾಯಿಬಿಟ್ಟು ಹೇಳಿ.

ಸಿಂದಗಿಗೆ ಹೋದರೆ ಈಗಲೂ ಆ ಮನೆಯಲ್ಲಿ ಚಹಾ ಕೊಡುತ್ತಾರೆ. ನಾನು ಒಯ್ಯದೆ ಬಿಟ್ಟುಬಂದ ಸಾವುಕಾರರು ಗೋಡೆಯ ಮೇಲಿಂದ ನನ್ನನ್ನೇ ನೋಡಿ ನಗುತ್ತಿರುತ್ತಾರೆ. ನಾನು ಬಾಯಿ ಹಾಕುವ ಮೊದಲು ಅವರು ನಗುತ್ತಿರಲಿಲ್ಲ.